ಹಾಲ್ ಅಕ್ಕನ ಮುಲಾಮು

ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ನಿಲ್ಲಿಸಿ ಮೂಸಿ ನೋಡುವುದೆಂದರೆ ಏನು ಸ್ವಾಮಿ? ಕಲ್ಲಂಗಡಿ ಹಣ್ಣನ್ನಾದರೂ ತಟ್ಟಿ ನೋಡುತ್ತಾರೆ, ಯಾರೂ ಮೂಸುವುದಿಲ್ಲ. ಆ ಮಧ್ಯಾಹ್ನ ಹಾಲ್ ಅಕ್ಕನನ್ನು ಮೂಸಿದರು. ಅದೂ ಎಲ್ಲರ ಎದುರಿಗೆ, ಅವಳೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿಯರ ಎದುರಿಗೆ, ಒಂದು ಸಲವಲ್ಲ, ಮತ್ತೆ ಮತ್ತೆ.

ಹಾಲ್ ಅಕ್ಕ ಎಂದರೆ ಬಸ್ ನಿಲ್ದಾಣದ ಎದುರಿನ ಎರಡಂತಸ್ತಿನ ರೆಸ್ಟೋರೆಂಟಿನಲ್ಲಿ ಊಟದ ಹಾಲ್ ನೋಡಿಕೊಳ್ಳುವವಳು. ಅಡುಗೆಮನೆ ಕೆಳಗೆ, ಹಾಲ್ ಮೇಲೆ, ನಡುವೆ ಕಡಿದಾದ ಮೆಟ್ಟಿಲು. ತಟ್ಟೆಗಳನ್ನು ಮೇಲೆತ್ತಲು ಗೋಡೆಯೊಳಗೆ ಒಂದು ಪುಟ್ಟ ಲಿಫ್ಟ್ ಇದೆ. ಇದೆ ಎಂದು ಹೇಳಿಕೊಳ್ಳಬೇಕು ಅಷ್ಟೆ. ಅದು ಕೆಟ್ಟು ನಿಂತು ಎಷ್ಟು ಕಾಲವಾಯಿತೋ, ಈಗ ಅದರೊಳಗೆ ಹಳೆಯ ಮೆನು ಕಾರ್ಡುಗಳೂ ಯಾರೋ ಮರೆತುಹೋದ ಒಂದು ಛತ್ರಿಯೂ ಸಂಸಾರ ಹೂಡಿವೆ. ಹಾಗಾಗಿ ಸೂಪಿನಿಂದ ಹಿಡಿದು ಐಸ್‌ಕ್ರೀಮಿನವರೆಗೆ ಆ ಹಾಲ್‌ಗೆ ಏನೇನು ಏರಿತೋ ಅದೆಲ್ಲ ಏರಿದ್ದು ಅಕ್ಕನ ಮಂಡಿಯ ಮೇಲೆ. ಏರಿದ ಮೇಲಾದರೂ ಕೂರಬಹುದೇ? ಕೂರುವ ಹಾಗಿಲ್ಲ. ಗಿರಾಕಿಗಳ ಕಣ್ಣಿಗೆ ಬೀಳುವಂತೆ ಕೆಲಸದವರು ಕೂರಬಾರದು ಎಂಬುದು ದೊಡ್ಡ ಯಜಮಾನರ ಕಾಲದ ನಿಯಮ. ದೊಡ್ಡ ಯಜಮಾನರು ಹೋಗಿಬಿಟ್ಟರು. ನಿಯಮ ಮಾತ್ರ ಗಟ್ಟಿಮುಟ್ಟಾಗಿದೆ.

ಅದಕ್ಕೇ ಮುಲಾಮು. ಬೆಳಗಾದರೆ ಸಾಕು, ಶಾಲೆಯ ವ್ಯಾನ್ ಓಡಿಸುವ ಅವಳ ಗಂಡ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯ ಮಣೆಯ ಮೇಲೆ ಕೂತು, ಹೆಂಡತಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಸಿರು ಡಬ್ಬಿಯ ಮುಲಾಮನ್ನು ತಿಕ್ಕುತ್ತಾನೆ. ತಿಕ್ಕುತ್ತಾ ಒಂದು ಮಾತು ಅಂದೇ ಅನ್ನುತ್ತಾನೆ: "ಈ ಮನೆ ಗೋಡೆಗೆ ನಾನು ಇಷ್ಟು ಸುಣ್ಣ ಬಳಿದಿಲ್ಲ ಕಣೆ." ಅಕ್ಕನ ಉತ್ತರವೂ ಸಿದ್ಧ: "ಗೋಡೆಗೆ ನೋವಾಗಲ್ಲ, ಬಿಡಿ." ನೀಲಗಿರಿ, ಕರ್ಪೂರ, ಇನ್ನೇನೇನೋ ಬೆರೆತ ಘಾಟು ಮನೆಯೆಲ್ಲ ತುಂಬುತ್ತದೆ. ವ್ಯಾನಿನ ಮಕ್ಕಳು ಅವನನ್ನು "ಶೀತದ ಅಂಕಲ್" ಎಂದೇ ಕರೆಯುತ್ತಾರೆ.

ಈಗ ವಿಷಯಕ್ಕೆ ಬರೋಣ. ದೊಡ್ಡ ಯಜಮಾನರ ಮಗ, ಅಂದರೆ ಈಗಿನ ಚಿಕ್ಕ ಯಜಮಾನರು, ಇದೇ ಹಾಲ್‌ನಲ್ಲಿ ಅಕ್ಕನ ಕೈಯಿಂದ ಸೂಪು ಕುಡಿದು ಗಲ್ಲ ಒರೆಸಿಸಿಕೊಂಡು ಬೆಳೆದವರು. ಅವರಿಗೆ ಹಾಲನ್ನು ವೈನ್ ಹಾಲ್ ಮಾಡಬೇಕೆಂಬ ಹುಚ್ಚು ಹತ್ತಿತ್ತು. ಇಟಲಿಯಿಂದ ವೈನ್ ಮಾಡುವ ಮನುಷ್ಯನೇ ಬರುತ್ತಾನೆ, ಆಯ್ದ ಅತಿಥಿಗಳು ಉದ್ದ ಮೇಜಿಗೆ ಕೂರುತ್ತಾರೆ, ಒಂದೊಂದು ಅಡುಗೆಗೆ ಒಂದೊಂದು ಕೆಂಪು ವೈನ್, ಅವನೇ ಅದರ ಕಥೆ ಹೇಳುತ್ತಾನೆ. ಅಕ್ಕನಿಗೆ ಇದರಲ್ಲಿ ತಕರಾರಿರಲಿಲ್ಲ. ತಕರಾರು ಬಂದದ್ದು ಯಜಮಾನರು ಹಿಂದಿನ ವಾರ ಅವಳನ್ನು ಕ್ಯಾಷ್ ಕೌಂಟರಿನ ಪಕ್ಕ ಕರೆದು, ಕಣ್ಣು ಬೇರೆಲ್ಲೋ ಇಟ್ಟು ಹೇಳಿದ ಮಾತಿಗೆ.

"ಅಕ್ಕಾ, ವೈನ್ ಹಾಲ್ ಅಂದ್ಮೇಲೆ ಸ್ವಲ್ಪ... ಚುರುಕಾದವರು ಬೇಕಾಗ್ತಾರೆ. ನೀವು ಕೆಳಗಡೆ ಪಾತ್ರೆ ಕಡೆ ನೋಡ್ಕೊಂಡ್ರೆ ನಿಮಗೂ ಆರಾಮು."

"ಯಾರಿಗೆ ಆರಾಮು?"

"ಅಲ್ಲ ಅಕ್ಕಾ, ಮೆಟ್ಟಿಲು ಹತ್ತೋ ಕೆಲಸ ಇರಲ್ಲವಲ್ಲ."

"ಲಿಫ್ಟ್ ರಿಪೇರಿ ಮಾಡಿಸಿದ್ರೂ ಹತ್ತೋ ಕೆಲಸ ಇರಲ್ಲ. ಅದನ್ನ ಯಾಕೆ ಮಾಡಿಸಲಿಲ್ಲ?"

ಯಜಮಾನರು ಲಿಫ್ಟಿನ ಮಾತು ಹಾರಿಸಿದರು. ಕೊನೆಗೆ ಒಂದು ರಾಜಿಗೆ ಬಂದರು. ಇಟಲಿಯವರ ಊಟದ ಸಂಜೆ ಅಕ್ಕನೇ ನಡೆಸಲಿ. ಒಂದು ಅಪಸ್ವರ ಬರದೆ ಮುಗಿದರೆ ಹಾಲ್ ಅವಳದೇ. ಬಂದರೆ, ಮಾರನೆಯ ದಿನದಿಂದ ಕೆಳಗೆ, ಹಿಂದುಗಡೆ, ಕಿಟಕಿಯಿಲ್ಲದ ಆ ತೊಳೆಯುವ ಕೋಣೆಗೆ. ಅಕ್ಕನಿಗೆ ಪಾತ್ರೆ ತೊಳೆಯುವುದು ಅವಮಾನವಲ್ಲ, ಹುಡುಗಿಯಾಗಿದ್ದಾಗ ಅಲ್ಲಿಂದಲೇ ಶುರುಮಾಡಿದವಳು. ಆದರೆ ಅಲ್ಲಿಂದ ಮೆಟ್ಟಿಲು ಹತ್ತಿ ಮೇಲೆ ಬರಲು ಪಟ್ಟ ಪಾಡು ಅವಳಿಗೊಬ್ಬಳಿಗೇ ಗೊತ್ತು. ಈ ಹಾಲ್‌ನಲ್ಲಿ ಯಾವ ಅಜ್ಜಿಗೆ ಫ್ಯಾನ್ ಗಾಳಿ ಆಗದು, ಯಾವ ದಂಪತಿಗಳು ಜಗಳವಾಡಿದ ದಿನ ಗೋಡೆ ಬದಿಯ ಮೇಜು ಕೇಳುತ್ತಾರೆ, ಯಾವ ಮಗುವಿಗೆ ಬಟಾಣಿ ಕಂಡರೆ ಅಳು, ಎಲ್ಲ ಅವಳ ನಾಲಗೆಯ ತುದಿಯಲ್ಲಿದೆ. ಅಂಥವಳನ್ನು ಎತ್ತಿ ಹಿಂದುಗಡೆ ಇಡುತ್ತಾರಂತೆ, ಕಾಲು ಮುರಿದ ಕುರ್ಚಿಯನ್ನು ಇಡುವ ಹಾಗೆ!

ಆ ದಿನ ಮಧ್ಯಾಹ್ನ ವೈನ್ ಮೇಷ್ಟ್ರು ಬಂದರು. ವೈನ್ ತರಿಸಿ ಮಾರುವ ಕಂಪನಿಯವರು. ಕಪ್ಪು ಹಲಗೆಯ ಮುಂದೆ ನಿಂತವರ ಹಾಗೆ ಬೆರಳಾಡಿಸಿ ಮಾತಾಡುತ್ತಾರೆಂದು ಅಡುಗೆಯವನು ಅವರಿಗೆ ಇಟ್ಟ ಹೆಸರದು. ಎಲ್ಲರನ್ನೂ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ ಪಾಠ ಶುರುಮಾಡಿದರು.

"ಸಂಜೆ ಈ ಹಾಲ್‌ನಲ್ಲಿ ವೈನ್ ಬಿಟ್ಟು ಬೇರೆ ಯಾವ ವಾಸನೆನೂ ಇರಬಾರದು. ಸೆಂಟ್ ಬೇಡ, ಪೌಡರ್ ಬೇಡ, ತಲೆಗೆ ಘಮಘಮ ಎಣ್ಣೆ ಬೇಡ, ಮೇಜಿನ ಮೇಲೆ ಹೂವೂ ಬೇಡ. ವೈನ್ ಕುಡಿಯೋದು ಬಾಯಲ್ಲಿ ಅಲ್ಲ, ಮೂಗಲ್ಲಿ. ಆ ಮೂಗಿಗೆ ಯಾರೂ ಅಡ್ಡ ಬರಬೇಡಿ."

ಇಲ್ಲಿಯವರೆಗೆ ನ್ಯಾಯವೇ. ಅಕ್ಕ ತಲೆಯಾಡಿಸಿದಳು, ತಾನೇ ಹೋಗಿ ಮೇಜಿನ ಹೂದಾನಿಗಳನ್ನು ತೆಗೆದಿಟ್ಟಳು. ಆಮೇಲೆ ಶುರುವಾಯಿತು ನೋಡಿ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಸಾಲಿನ ಉದ್ದಕ್ಕೂ ಮೂಸುತ್ತಾ ಹೊರಟರು. ಅಡುಗೆಯವನ ಹತ್ತಿರ ನಿಂತು ಹುಬ್ಬು ಗಂಟಿಕ್ಕಿದರು.

"ಬೆಳ್ಳುಳ್ಳಿ."

"ಹೌದು ಸಾರ್, ಅಡುಗೆಯವನು ನಾನು. ನಾನು ಕೆಳಗೇ ಇರ್ತೀನಿ, ನಿಮ್ಮ ಮೂಗು ಮೇಲೇ ಇರಲಿ."

ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ಅಕ್ಕನ ಮುಂದೆ ಬಂದು, ಎರಡು ಹೆಜ್ಜೆ ಹಿಂದೆ ಸರಿದು, ಕರ್ಚೀಫು ತೆಗೆದರು.

"ಇದೇನ್ರೀ ಆಸ್ಪತ್ರೆ ವಾಸನೆ?"

"ಮಂಡಿ ನೋವಿನ ಮುಲಾಮು ಸಾರ್."

"ನೀಲಗಿರಿ, ಕರ್ಪೂರ! ಇದು ಹಾಲ್ ಒಳಗೆ ಬಂದ್ರೆ ಮುಗೀತು, ನನ್ನ ಬರೋಲೊ ವೈನ್ ಸತ್ತ ಹಾಗೆ. ಯಜಮಾನ್ರೇ, ಇವರು ಸಂಜೆ ಇರ್ತಾರಾ?"

ಯಜಮಾನರು ಅಕ್ಕನ ಮುಖ ನೋಡಲಿಲ್ಲ. "ಅಕ್ಕಾ, ಹೋಗಿ ತೊಳ್ಕೊಂಡು ಬನ್ನಿ."

ಹೋದಳು. ಕೈ ತೊಳೆಯುವ ಸೋಪಿನಲ್ಲಿ ತಿಕ್ಕಿ ಬಂದಳು. ಮೇಷ್ಟ್ರು ಮೂಸಿ, "ಈಗ ಗುಲಾಬಿ," ಎಂದರು. ಮತ್ತೆ ಇಳಿದು ಪಾತ್ರೆ ಸೋಪಿನಲ್ಲಿ ತಿಕ್ಕಿ, ಮತ್ತೆ ಮೆಟ್ಟಿಲು ಹತ್ತಿ ಬಂದಳು. "ನಿಂಬೆಹಣ್ಣು." ಅಷ್ಟು ಹೊತ್ತಿಗೆ ಮುಲಾಮಿನ ಬಿಸಿಯೆಲ್ಲ ಹೋಗಿ ಮಂಡಿ ಚುಳುಕ್ಕೆನ್ನುತ್ತಿತ್ತು. ಕೊನೆಗೆ ಅಡುಗೆಯವನು ಬಿಸಿನೀರಿಗೆ ಸೋಡಾ ಪುಡಿ ಕದಡಿ ಕೊಟ್ಟ. ಸುಟ್ಟ ಬಾಣಲೆ ಉಜ್ಜುವ ಹಾಗೆ ಅಕ್ಕ ತನ್ನ ಮಂಡಿಯನ್ನು ಉಜ್ಜಿದಳು. ಚರ್ಮ ಕೆಂಪಾಯಿತು. ಮೇಲೆ ಬಂದಾಗ ಮೇಷ್ಟ್ರು ಮೂಸಿ, "ಪರವಾಗಿಲ್ಲ," ಎಂದರು.

ಪರವಾಗಿಲ್ಲವಂತೆ! ಅಕ್ಕನ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡಳು. ಹಾಲ್ ಬೇಕಿತ್ತು ಅವಳಿಗೆ. ಮುಲಾಮಿನ ಡಬ್ಬಿಯನ್ನು ಅಡುಗೆಯವನ ಕೈಗೆ ಕೊಟ್ಟು, "ಇಟ್ಕೊ ತಮ್ಮಾ, ನನ್ನ ಹತ್ತಿರ ಇದ್ರೆ ಇದರ ಹೆಸರೂ ಮೂಗಿಗೆ ಬಡಿಯುತ್ತೆ ಅವರಿಗೆ," ಎಂದಳು.

ಸಂಜೆ ದೀಪ ಹತ್ತಿಸುವ ವೇಳೆಗೆ ಅತಿಥಿಗಳು ಬಂದರು. ಬಟ್ಟೆ ಅಂಗಡಿಗಳ ಮಾಲೀಕರು, ಒಬ್ಬ ಕಣ್ಣಿನ ಡಾಕ್ಟರು, ಕಟ್ಟಡ ಕಟ್ಟಿಸುವವರು, ಅವರವರ ಹೆಂಡತಿಯರು. ಇಟಲಿಯ ಮನುಷ್ಯ ಬಂದ. ಅಜ್ಜ. ದೊಡ್ಡ ಕೈಗಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೇರಳೆ ಬಣ್ಣ. ಮಾತು ತಿಳಿಸಲು ಜೊತೆಗೆ ಮೊಮ್ಮಗಳು, ಇಲ್ಲೇ ಓದಿ ಕನ್ನಡ ಕಲಿತವಳು. ಅಜ್ಜ ಹಾಲ್‌ಗೆ ಕಾಲಿಟ್ಟವನೇ ಅಕ್ಕನಿಗೆ ತಲೆಬಾಗಿ ನಮಸ್ಕರಿಸಿದ, ಅವಳೇ ಮನೆಯೊಡತಿ ಎಂದುಕೊಂಡನೋ ಏನೋ. ಅಕ್ಕ ಆ ತಪ್ಪನ್ನು ತಿದ್ದಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದವಳು ಒಬ್ಬ ಬಿಲ್ಡರನ ಹೆಂಡತಿ. ಅವಳು ಬರುವ ಮೊದಲೇ ಅವಳ ಸೆಂಟು ಬಂತು. ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿತು ಆ ಸೆಂಟು. ಆಮೇಲೆ ಅವಳು ಬಂದಳು. ಅಕ್ಕ ಮೇಷ್ಟ್ರ ಕಡೆ ನೋಡಿದಳು. ಈಗ ಕರ್ಚೀಫು ತೆಗೆಯುತ್ತಾರೆ, ಈಗ ಸೋಡಾ ಪುಡಿ ತರಿಸುತ್ತಾರೆ ಎಂದು ಕಾದಳು. ಮೇಷ್ಟ್ರು ಹಲ್ಲು ಕಿರಿದು ಕುರ್ಚಿ ಸರಿಸಿಕೊಟ್ಟರು.

ಅಕ್ಕ ದಡದಡನೆ ಕೆಳಗಿಳಿದಳು. "ಆ ಮಹಾತಾಯಿ ಸೆಂಟಿನ ಕೊಡದಲ್ಲಿ ಮುಳುಗೆದ್ದು ಬಂದಿದಾಳೆ. ಅವಳನ್ನ ಯಾಕೆ ಮೂಸಲಿಲ್ಲ?"

"ಅವರು ದುಡ್ಡು ಕೊಟ್ಟಿದಾರೆ ಅಕ್ಕ," ಅಡುಗೆಯವನು ಸೂಪಿನ ಬಟ್ಟಲು ಜೋಡಿಸುತ್ತಾ ಅಂದ.

"ನಾನು ಮಂಡಿ ಕೊಟ್ಟಿದೀನಲ್ಲೋ!"

 ಅಡುಗೆಯವನು ಬಟ್ಟಲುಗಳ ತಟ್ಟೆ ಎತ್ತಿ ಕೊಟ್ಟ. ಅಕ್ಕ ಹತ್ತಿದಳು.

ಅಣಬೆ ಸೂಪಿನ ಜೊತೆ ಮೊದಲ ವೈನ್. ಅದರ ಹೆಸರು ದೋಲ್ಚೆತ್ತೊ. ಅಜ್ಜ ಎದ್ದು ನಿಂತು ಎರಡೇ ಮಾತು ಹೇಳಿದ, ಮೊಮ್ಮಗಳು ತಿಳಿಸಿದಳು: "ಇದು ನಮ್ಮ ಮನೆಯಲ್ಲಿ ದಿನಾ ಊಟಕ್ಕೆ ಕುಡಿಯೋ ವೈನ್. ಜಾಸ್ತಿ ಯೋಚನೆ ಮಾಡದೆ ಕುಡೀರಿ." ಆದರೆ ಮೇಷ್ಟ್ರು ಯೋಚನೆ ಮಾಡದೆ ಬಿಡುತ್ತಾರೆಯೇ? ಗ್ಲಾಸು ತಿರುಗಿಸಿದರು, ಮೂಗು ಅದರೊಳಗೆ ಇಳಿಬಿಟ್ಟರು, ಬಾಯಿಗೆ ಹಾಕಿ ಗಳಗಳನೆ ಮುಕ್ಕಳಿಸಿದರು, ಪಕ್ಕದ ಸ್ಟೀಲಿನ ಪಾತ್ರೆಗೆ ಉಗುಳಿದರು. ಆ ಪಾತ್ರೆಯನ್ನು ಖಾಲಿ ಮಾಡುವುದೂ ಅಕ್ಕನೇ. "ಕಪ್ಪು ಚೆರ್ರಿ, ಬಾದಾಮಿ ಸಿಪ್ಪೆ," ಎಂದರು ಮೇಷ್ಟ್ರು. ಮೇಜಿನ ಸುತ್ತ ತಲೆಗಳು ಆಡಿದವು. ಎರಡನೆಯದು ಬಾರ್ಬೆರಾ, ಹುಳಿ ಜಾಸ್ತಿ ಇರುವ ವೈನ್. ಅದರಲ್ಲಿ ಮೇಷ್ಟ್ರಿಗೆ ಹಳೇ ಚರ್ಮದ ವಾಸನೆ ಸಿಕ್ಕಿತು. ಇನ್ನು ಬರಲಿರುವ ಬರೋಲೊದಲ್ಲಿ ಡಾಂಬರು, ಬಾಡಿದ ಗುಲಾಬಿ ಸಿಗುತ್ತವೆ, ಕಾಯುತ್ತಿರಿ ಎಂದರು.

ಡಾಂಬರು! ಅಕ್ಕ ಗೋಡೆಗೊರಗಿ ನಿಂತು ಕೇಳಿಸಿಕೊಂಡಳು. ಹಳೇ ಚಪ್ಪಲಿ ಗ್ಲಾಸಿನಲ್ಲಿದ್ದರೆ ಭೇಷ್, ರಸ್ತೆಗೆ ಹಾಕುವ ಡಾಂಬರು ಗ್ಲಾಸಿನಲ್ಲಿದ್ದರೆ ಆಹಾ. ಮನುಷ್ಯರ ಮಂಡಿಗೆ ಹಚ್ಚಿದ ಔಷಧಿ ಮಾತ್ರ ಆಸ್ಪತ್ರೆ.

ಕುರಿಮಾಂಸದ ತಟ್ಟೆಗಳನ್ನು ಹೊತ್ತು ಮೆಟ್ಟಿಲು ಹತ್ತುವಾಗ ಎಡಗಡೆ ಮಂಡಿ ಹಿಡಿದುಕೊಂಡಿತು. ಒಳಗೆ ಯಾರೋ ಬೀಗ ಹಾಕಿದ ಹಾಗೆ. ಮುಂದೆ ಬಾರದು, ಹಿಂದೆ ಹೋಗದು. ಕಂಬಿ ಹಿಡಿದು ನಿಂತಳು, ಕಣ್ಣಲ್ಲಿ ನೀರು. ಹಿಂದೆ ಬಂದ ಅಡುಗೆಯವನು ತಟ್ಟೆಗಳನ್ನು ಒಬ್ಬ ಹುಡುಗಿಯ ಕೈಗೆ ದಾಟಿಸಿ, ಜೇಬಿನಿಂದ ಹಸಿರು ಡಬ್ಬಿ ತೆಗೆದ.

"ಹಚ್ಕೊ ಅಕ್ಕ."

"ಬೇಡ ಕಣೋ. ಮೂಸ್ತಾರೆ."

"ಬರೋಲೊ ತುಂಬಿದ ಹೂಜಿ ಹಿಡ್ಕೊಂಡು ಅವರ ಮಡಿಲಿಗೇ ಬಿದ್ರೆ? ಆಗ ಇನ್ನೂ ಜಾಸ್ತಿ ವಾಸನೆ ಬರುತ್ತೆ."

ಅದು ನಿಜವಿತ್ತು. ಮೂರನೆಯ ವೈನ್ ಹಳೆಯದು, ಅದಕ್ಕೆ ಗಾಳಿಯಾಡಲಿ ಎಂದು ಮಧ್ಯಾಹ್ನವೇ ಅಗಲ ಹೊಟ್ಟೆಯ ಗಾಜಿನ ಹೂಜಿಗಳಿಗೆ ಸುರಿದಿಟ್ಟಿದ್ದರು. ಬಿದ್ದರೆ ಕಥೆ ಮುಗಿದ ಹಾಗೆಯೇ. ಅಕ್ಕ ಮೇಜುಬಟ್ಟೆ ಇಡುವ ಕೋಣೆಗೆ ಹೋಗಿ, ಬಾಗಿಲು ಮರೆ ಮಾಡಿಕೊಂಡು, ಪ್ಯಾಂಟಿನ ಕಾಲು ಮೇಲೆ ಸರಿಸಿ, ಬೆರಳ ತುದಿಯಷ್ಟೇ ಮುಲಾಮು ಹಚ್ಚಿದಳು. ಬಿಸಿ ಒಳಗಿಳಿಯಿತು, ಬೀಗ ತೆರೆಯಿತು. ಡಬ್ಬಿಯನ್ನು ಏಪ್ರನ್ನಿನೊಳಗೆ ಹಾಕಿಕೊಂಡು, ಅವಸರದಲ್ಲಿ ಕೈ ಒರೆಸಿಕೊಂಡು ಹೂಜಿ ಎತ್ತಿದಳು. ಕೈ ಒರೆಸಿಕೊಂಡದ್ದು ಎಲ್ಲಿಗೆ? ಮೊಣಕೈಗೆ ಮಡಚಿ ಹಾಕಿಕೊಂಡಿದ್ದ ಬಿಳಿ ಕರವಸ್ತ್ರಕ್ಕೆ. ಹೂಜಿಯ ಕುತ್ತಿಗೆಗೆ ಸುತ್ತಿ, ಒಂದೊಂದು ಗ್ಲಾಸಿಗೂ ಬಗ್ಗಿ, ಒಬ್ಬೊಬ್ಬರ ಮೂಗಿನ ಕೆಳಗೂ ಹಿಡಿಯುವ ಅದೇ ಕರವಸ್ತ್ರಕ್ಕೆ.

ಗೊತ್ತಾಗಲಿಲ್ಲ ಅವಳಿಗೆ. ಇಷ್ಟು ವರ್ಷ ಆ ವಾಸನೆಯ ಜೊತೆಗೇ ಬದುಕಿದ ಮೂಗದು. ಇಡೀ ಮೇಜು ಸುತ್ತಿ ಬಂದಳು, ಒಂದು ಹನಿ ಚೆಲ್ಲಲಿಲ್ಲ. ಯಜಮಾನರು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಅಕ್ಕನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಆಗ ಮೇಷ್ಟ್ರು ಗ್ಲಾಸಿನಿಂದ ಮುಖ ಎತ್ತಿದರು. ಕಣ್ಣು ಅರ್ಧ ಮುಚ್ಚಿತ್ತು.

"ಯಾರೂ ಮಾತಾಡಬೇಡಿ. ಮೂಸಿ. ಏನು ಸಿಗ್ತಾ ಇದೆ?"

"ಡಾಂಬರು?" ಎಂದರು ಕಣ್ಣಿನ ಡಾಕ್ಟರು, ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ.

"ಅದರ ಆಚೆ ಹೋಗಿ. ತಂಪಾಗಿ, ಮೇಲಿಂದ ತೇಲಿ ಬರ್ತಾ ಇದೆ ನೋಡಿ... ನೀಲಗಿರಿ! ಹಿಂದೇನೇ ಒಂದು ಎಳೆ ಕರ್ಪೂರ!"

 ಅಕ್ಕ ಕರವಸ್ತ್ರವನ್ನು ಮೂಗಿನ ಹತ್ತಿರ ತಂದಳು. ಅಯ್ಯೋ ದೇವರೇ.

"ಹೌದು! ಹೌದು! ಎಂಥಾ ದೈವಿಕ ಪರಿಮಳ!" ಬಿಲ್ಡರನ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸೆಂಟಿನ ಅಷ್ಟು ದಪ್ಪ ಗೋಡೆಯನ್ನು ದಾಟಿ ಅವಳಿಗೂ ಸಿಕ್ಕಿತ್ತು ಅದು.

"ಇದೇ ಈ ವೈನಿನ ಆತ್ಮ," ಮೇಷ್ಟ್ರ ಬೆರಳು ಗಾಳಿಯಲ್ಲಿ ಆಡಿತು. "ಬೆಟ್ಟದ ಗಾಳಿ, ಬೆಟ್ಟದ ಗಿಡಮೂಲಿಕೆ. ಇಂಥದಕ್ಕೆ ವರ್ಷಗಟ್ಟಲೆ ಕಾಯಬೇಕು."

ಅಕ್ಕ ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಬೇಕೆಂದೇ ಇದ್ದಳು. ಕರವಸ್ತ್ರವನ್ನು ಮಡಚಿ ಏಪ್ರನ್ನಿನೊಳಗೆ ತುರುಕಿ, ಮುಂದಿನ ಹೂಜಿಗೆ ಬೇರೆ ಬಟ್ಟೆ ತೆಗೆದುಕೊಂಡರೆ ಆಯಿತು. ಸಂಜೆ ಮುಗಿಯುತ್ತಿತ್ತು, ಹಾಲ್ ಉಳಿಯುತ್ತಿತ್ತು. ಕೆಡಿಸಿದವರು ಯಜಮಾನರು. ಅತಿಥಿಗಳ ಖುಷಿ ಕಂಡು ಅವರಿಗೂ ಹುರುಪು ಬಂದಿತ್ತು, ಗ್ಲಾಸು ಎತ್ತಿಕೊಂಡು ನಿಂತರು.

"ಇದು ಸುಮ್ನೆ ಸಿಗಲ್ಲ ನೋಡಿ. ಬೇರೆ ಒಂದು ವಾಸನೆ ಸುಳಿಯದ ಹಾಗೆ ಎಷ್ಟು ಕಷ್ಟಪಟ್ಟಿದೀವಿ ಗೊತ್ತಾ? ಮಧ್ಯಾಹ್ನ ನಮ್ಮ ಕೆಲಸದವಳೊಬ್ಬಳನ್ನ ಮೂರು ಸಲ ತೊಳೆಸಿದೀವಿ!"

ಮೇಜಿಗೆ ಮೇಜೇ ನಕ್ಕಿತು.

ತೊಳೆಸಿದೀವಿ. ಕಾರನ್ನು ತೊಳೆಸುತ್ತಾರೆ. ಕಂಬಳಿಯನ್ನು ತೊಳೆಸುತ್ತಾರೆ. ಅಕ್ಕನ ಕಿವಿಯೊಳಗೆ ಬಿಸಿ ಎಣ್ಣೆ ಹೊಯ್ದ ಹಾಗಾಯಿತು. ಆ ಬಾಯಿಗೆ ತಾನೇ ಸೂಪು ಉಣಿಸಿದ್ದು, ಆ ಗಲ್ಲವನ್ನು ತಾನೇ ಒರೆಸಿದ್ದು. ಮಧ್ಯಾಹ್ನದಿಂದ ಕಚ್ಚಿಹಿಡಿದಿದ್ದ ಹಲ್ಲು ಸಡಿಲವಾಯಿತು.

ಹೂಜಿಯನ್ನು ಮೇಜಿನ ಮೇಲಿಟ್ಟಳು. ಏಪ್ರನ್ನಿನಿಂದ ಹಸಿರು ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟು, ಮುಚ್ಚಳ ತೆರೆದಳು.

"ಸಾರ್, ನಿಮ್ಮ ಬೆಟ್ಟದ ಗಾಳಿ ಇದರಲ್ಲಿದೆ. ಮೂಸಿ ನೋಡಿ."

ಮೇಷ್ಟ್ರು ಅಭ್ಯಾಸಬಲದಿಂದ ಮೂಸಿಯೇಬಿಟ್ಟರು. ಮುಖದ ಬಣ್ಣ ಅವರು ಕುಡಿಯುತ್ತಿದ್ದ ವೈನಿನದೇ ಆಯಿತು.

"ಮಧ್ಯಾಹ್ನ ಇದು ಆಸ್ಪತ್ರೆ ಆಗಿತ್ತು," ಎಂದಳು ಅಕ್ಕ. "ಗುಲಾಬಿ ಬೇಡ ಅಂದ್ರಿ, ನಿಂಬೆ ಬೇಡ ಅಂದ್ರಿ. ಚರ್ಮ ಕಿತ್ತು ಬರೋ ಹಾಗೆ ಸೋಡಾ ಹಾಕಿ ಉಜ್ಜಿದೆ. ಆಮೇಲೆ ಪರವಾಗಿಲ್ಲ ಅಂದ್ರಿ. ಈಗ ಅದೇ ವಾಸನೆ ಗ್ಲಾಸಿಂದ ಬಂದಿದೆ ಅಂದ್ಕೊಂಡ ತಕ್ಷಣ ಆತ್ಮ ಆಯ್ತಾ? ನನ್ನ ಕಾಲಲ್ಲಿದ್ರೆ ಹೊಲಸು, ನಿಮ್ಮ ಗ್ಲಾಸಲ್ಲಿದ್ರೆ ಆತ್ಮ?"

"ಅಕ್ಕಾ!" ಯಜಮಾನರು ಗ್ಲಾಸು ಕೆಳಗಿಟ್ಟರು. "ಸಾಕು, ಕೆಳಗೆ ಹೋಗಿ."

ಅಷ್ಟರಲ್ಲಿ ಮೊಮ್ಮಗಳು ಅಜ್ಜನ ಕಿವಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಅಜ್ಜ ತನ್ನ ಗ್ಲಾಸನ್ನು ಮೂಸಿದ, ಮುಖ ಸಿಂಡರಿಸಿದ, ಏನೋ ಗುಡುಗಿದ.

"ಅಜ್ಜ ಹೇಳ್ತಿದಾರೆ, ಅವರಿಗೂ ಆಗಲಿಂದ ಅನುಮಾನವಂತೆ. ನಮ್ಮ ತೋಟದ ಸುತ್ತಮುತ್ತ ಒಂದೂ ನೀಲಗಿರಿ ಮರ ಇಲ್ಲವಂತೆ."

ಕಣ್ಣಿನ ಡಾಕ್ಟರು ನಗು ತಡೆಯಲಾಗದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಮಾತ್ರ ಸೋಲುವ ಆಸಾಮಿಯಲ್ಲ. ಎದ್ದು ನಿಂತರು.

"ಒಂದು ನಿಮಿಷ! ನಾನು ಏನು ಹೇಳಿದೆ? ನೀಲಗಿರಿ ಇದೆ ಅಂದೆ. ಇತ್ತೋ ಇಲ್ವೋ? ಕರ್ಪೂರ ಅಂದೆ. ಇತ್ತೋ ಇಲ್ವೋ? ನನ್ನ ಮೂಗು ತಪ್ಪಲಿಲ್ಲ!"

"ಮೂಗು ಸರಿಯಾಗೇ ಇದೆ ಸಾರ್," ಎಂದಳು ಅಕ್ಕ. "ಅದಕ್ಕೆ ಮಂಡಿ ಇಲ್ಲ, ಅಷ್ಟೆ."

ಆಮೇಲೆ ಅಜ್ಜನ ಕಡೆ ತಿರುಗಿದಳು. ಆ ಹಾಲ್‌ನಲ್ಲಿ ಅವಳು ಕ್ಷಮೆ ಕೇಳಬೇಕಾದವನು ಅವನೊಬ್ಬನೇ. ವರ್ಷಗಟ್ಟಲೆ ಕಾದು ಮಾಡಿದ ವೈನಿಗೆ ಅವಳ ಮುಲಾಮಿನ ವಾಸನೆ ತಗುಲಿತ್ತು. "ಅಜ್ಜಾ, ನಿಮ್ಮ ವೈನ್ ಕೆಡಿಸಿದ್ದು ನನ್ನ ಬಟ್ಟೆ. ತಪ್ಪಾಯ್ತು. ಹೊಸ ಗ್ಲಾಸು, ಹೊಸ ಬಟ್ಟೆ ತರಿಸ್ತೀನಿ, ಇನ್ನೊಂದು ಹೂಜಿ ಇದೆ, ಮೊದಲಿಂದ ಬಡಿಸ್ತೀನಿ. ಆದ್ರೆ ಮುಲಾಮು ಬೇಡ ಅಂದ್ಮೇಲೆ ನಾನು ನಿಲ್ಲಕ್ಕಾಗಲ್ಲ."

ಮೇಜಿನ ತುದಿಯಲ್ಲಿ ಯಾರೋ ಬರದೆ ಉಳಿದ ಒಂದು ಕುರ್ಚಿ ಖಾಲಿಯಿತ್ತು. ಅಕ್ಕ ಅದನ್ನು ಕರ್‍ರೆಂದು ಎಳೆದಳು. ಕೂತಳು. ಗಿರಾಕಿಗಳ ಕಣ್ಣೆದುರಿಗೇ, ಇಡೀ ಹಾಲ್‌ನ ನಡುವೆಯೇ, ಬೆನ್ನು ಒರಗಿಸಿ, ಎರಡೂ ಕಾಲು ಮುಂದೆ ಚಾಚಿ ಕೂತಳು.

"ಅಕ್ಕಾ, ಏಳಿ," ಯಜಮಾನರು ಹಲ್ಲುಗಳ ನಡುವಿನಿಂದ ಅಂದರು. "ಎಲ್ಲರೂ ನೋಡ್ತಿದಾರೆ."

"ನೋಡಲಿ ಬಿಡಪ್ಪ." 'ನೀವು' ಹೋಗಿ ಹಳೆಯ ಸಲಿಗೆ ಬಂದಿತ್ತು. "ನೀನು ಮಗುವಾಗಿದ್ದಾಗ ಇದೇ ಹಾಲ್‌ನಲ್ಲಿ ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಟ್ಟೆ ಹಂಚಿದೀನಿ. ಆಗಲೂ ಎಲ್ಲರೂ ನೋಡ್ತಿದ್ರು. ಆಗ ನನಗೆ ಯಾವ ವಾಸನೆ ಇತ್ತೋ ನಿನಗೆ ನೆನಪಿಲ್ಲ. ಇವತ್ತು ತೊಳೆಸಿದೀವಿ ಅಂತೀಯ?"

  ಹುಡುಗಿಯರು ಆಗಲೇ ಹೊಸ ಗ್ಲಾಸುಗಳನ್ನು ತಂದು ಮೇಜಿನ ತುಂಬ ಜೋಡಿಸುತ್ತಿದ್ದರು, ಯಾರೂ ಅವರಿಗೆ ಹೇಳಿರಲಿಲ್ಲ. ಅಕ್ಕ ಸೋಡಾ ನೀರಿನಲ್ಲಿ ಕೈ ತೊಳೆಸಿಕೊಂಡು, ಕೂತಲ್ಲಿಂದಲೇ ಹೊಸ ಬಟ್ಟೆ ಸುತ್ತಿ ಹೂಜಿ ಹಿಡಿದಳು.

"ಗ್ಲಾಸು ಈ ಕಡೆ ಕಳಿಸಿ."

 ಮೊದಲು ಅಜ್ಜ ತನ್ನ ಗ್ಲಾಸನ್ನು ಪಕ್ಕದವರ ಕೈಗೆ ಕೊಟ್ಟ. ಪಕ್ಕದವರು ಅವರ ಪಕ್ಕದವರಿಗೆ ಕೊಟ್ಟರು. ಗ್ಲಾಸು ಕೈಯಿಂದ ಕೈಗೆ ದಾಟಿ ಅಕ್ಕನನ್ನು ತಲುಪಿತು, ತುಂಬಿಕೊಂಡು ಹಾಗೆಯೇ ವಾಪಸು ಹೋಯಿತು. ನೋಡನೋಡುತ್ತಾ ಮೇಜಿನ ಎರಡೂ ಕಡೆ ಗ್ಲಾಸುಗಳು ಹೋಗಿ ಬರತೊಡಗಿದವು. "ಹುಷಾರು ರೀ," "ಇದು ಯಾರದು," "ನಿಮ್ಮ ಗಂಡಂದು, ಕುಡಿದುಬಿಟ್ಟೀರಿ ಮತ್ತೆ," ಎಂದೆಲ್ಲ ಮಾತು ಶುರುವಾಯಿತು. ಸೂಪಿನಿಂದ ಅಲ್ಲಿಯವರೆಗೆ ಒಬ್ಬರಿಗೊಬ್ಬರು ಮುಖ ತೋರಿಸದೆ ಗ್ಲಾಸಿನೊಳಗೆ ಮೂಗಿಟ್ಟು ಕೂತಿದ್ದ ಜನ! ಬಿಲ್ಡರನ ಹೆಂಡತಿಯೂ ಗ್ಲಾಸು ದಾಟಿಸಿದಳು. ಅವಳ ಸೆಂಟು ಮಾತ್ರ ಇನ್ನೂ ಅಲ್ಲೇ ಕೂತಿತ್ತು. ಅದನ್ನು ಕೇಳುವವರು ಯಾರೂ ಇರಲಿಲ್ಲ, ಅಕ್ಕನಿಗೆ ಆ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ.

ಅಜ್ಜ ಒಂದು ಖಾಲಿ ಗ್ಲಾಸು ಕಳಿಸಿ, ಅವಳೂ ಕುಡಿಯಲಿ ಎಂದು ಕೈಸನ್ನೆ ಮಾಡಿದ. ಅಕ್ಕ ಒಂದು ಗುಟುಕು ಹಾಕಿಕೊಂಡಳು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು.

"ಹೇಗಿದೆ ಅಂತ ಕೇಳ್ತಿದಾರೆ," ಎಂದಳು ಮೊಮ್ಮಗಳು.

"ಒಗರು. ಕಾಯಿ ಕಚ್ಚಿದ ಹಾಗಿದೆ." ಮತ್ತೊಂದು ಗುಟುಕು ಹಾಕಿ, "ಆದ್ರೆ ನುಂಗಿದ ಮೇಲೆ ಬಿಟ್ಟು ಹೋಗ್ತಾ ಇಲ್ಲ," ಎಂದಳು.

ಮೊಮ್ಮಗಳು ತಿಳಿಸಿದಳು. ಅಜ್ಜ ಮೇಷ್ಟ್ರ ಕಡೆ ನೋಡಿ ಭುಜ ಹಾರಿಸಿದ.

ಮಾರನೆಯ ಬೆಳಿಗ್ಗೆ ಗಂಡ ಮುಲಾಮು ತಿಕ್ಕುತ್ತಾ ಕೇಳಿದ: "ಕೆಲಸ ಇದೆಯಾ, ಹೋಯ್ತಾ?"

"ಗೊತ್ತಿಲ್ಲ."

"ಹಾಗಾದ್ರೆ ಹಚ್ಚಲೋ ಬೇಡ್ವೋ?"

"ಹಚ್ಚಿ. ಇವತ್ತು ಜಾಸ್ತೀನೇ ಹಚ್ಚಿ."

ಘಮ್ಮೆನ್ನುತ್ತಾ ರೆಸ್ಟೋರೆಂಟಿಗೆ ಹೋದಳು. ಕೆಳಗೆ ತೊಳೆಯುವ ಕೋಣೆಯ ಬಾಗಿಲು ತೆರೆದೇ ಇತ್ತು. ಅದರ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು. ಹಾಲ್‌ನಲ್ಲಿ ಯಜಮಾನರು ಬೆನ್ನು ತಿರುಗಿಸಿಕೊಂಡು ಗೋಡೆಯ ಚಿತ್ರ ನೆಟ್ಟಗೆ ಮಾಡುತ್ತಿದ್ದರು. ಅದು ನೆಟ್ಟಗೇ ಇತ್ತು.

"ಡಾಕ್ಟರು ಫೋನ್ ಮಾಡಿದ್ರು," ಎಂದರು, ಚಿತ್ರಕ್ಕೇ ಹೇಳುವ ಹಾಗೆ. "ಮುಂದಿನ ಸಲಕ್ಕೂ ಮೇಜು ಬೇಕಂತೆ. ಅಕ್ಕ ಇದ್ರೇನೇ ಬರ್ತೀವಿ ಅಂದ್ರು." ಆಮೇಲೆ ಚಿತ್ರದ ಇನ್ನೊಂದು ಮೂಲೆ ಸರಿಸುತ್ತಾ, "ಅಲ್ಲಿ ಒಂದು ಸ್ಟೂಲ್ ಇಟ್ಟಿದೀನಿ," ಎಂದರು.

ಅಕ್ಕ ನೋಡಿದಳು. ಸ್ಟೂಲ್ ಇತ್ತು. ದಪ್ಪ ಕಂಬದ ಹಿಂದೆ, ಮೂಲೆಯಲ್ಲಿ, ಯಾವ ಮೇಜಿನಿಂದಲೂ ಕಾಣದ ಜಾಗದಲ್ಲಿ. ತೊಳೆಸಿದ ಮಾತಿಗೆ ಒಂದು ಕ್ಷಮೆ ಇರಲಿಲ್ಲ. ಲಿಫ್ಟಿನ ಮಾತೂ ಇರಲಿಲ್ಲ. ಕೂರಬಹುದು, ಆದರೆ ಕೂತದ್ದು ಯಾರಿಗೂ ಕಾಣಬಾರದು.

 ಅವಳು ಸ್ಟೂಲನ್ನು ಎತ್ತಿಕೊಂಡು ಬಂದು ಬಾಗಿಲಿಗೆ ನೇರವಾಗಿ, ಎಲ್ಲ ಮೇಜುಗಳೂ ಕಾಣುವ ಕಡೆ ಇಟ್ಟು ಕೂತಳು. ಆ ಸಂಜೆ ಬೀಗ ಹಾಕುವಾಗ ಯಜಮಾನರು ಅದನ್ನು ಕಂಬದ ಹಿಂದಕ್ಕೆ ಸರಿಸಿದರು. ಮರುದಿನ ಬಂದವಳೇ ಅಕ್ಕ ಮುಂದಕ್ಕೆ ತಂದಳು. ಇದುವರೆಗೂ ದಿನಾ ಇದೇ ನಡೆದಿದೆ. ನೆಲದ ಮೇಲೆ ಕಂಬದಿಂದ ಬಾಗಿಲಿನವರೆಗೆ ಸ್ಟೂಲಿನ ಕಾಲು ಎಳೆದ ಗೀರು ಬಿದ್ದಿದೆ. ಅದನ್ನು ಪಾಲಿಷ್ ಮಾಡಿಸಬೇಕೆಂದು ಯಜಮಾನರು ಅನ್ನುತ್ತಲೇ ಇದ್ದಾರೆ. ಮಾಡಿಸಿ ನೋಡಲಿ, ಅನ್ನುತ್ತಾಳೆ ಅಕ್ಕ.